ವೈನಿಯ ಡಬ್ಬಿಯಲ್ಲಿ ನನ್ನ ಖಾರ

ಮದುವೆಯಾಗಿ ಸಿಂದಗಿಗೆ ಬಂದಾಗ ನನಗೆ ಗೊತ್ತಿದ್ದ ಮಸಾಲೆ ಸಾಮಾನು ಮೂರೇ: ಸಾಸಿವೆ, ಜೀರಿಗೆ, ಅರಿಶಿನ. ಇಂಗು ಅಂತ ಒಂದಿದೆ ಎಂದು ಕೇಳಿದ್ದೆ, ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಹತ್ತೊಂಬತ್ತು ವರ್ಷ. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ಅಕ್ಷರ ಚೆನ್ನಾಗಿದ್ದವು, ರಂಗೋಲಿ ಬರುತ್ತಿತ್ತು. ಅಡಿಗೆ ಬರುತ್ತಿರಲಿಲ್ಲ.

ಮುದ್ದೇಬಿಹಾಳದ ನಮ್ಮ ಮನೆಯಲ್ಲಿ ಮಸಾಲೆ ಇರಲಿಲ್ಲವೆಂದರೆ ಬಡತನ ಎಂದು ತಿಳಿಯಬೇಡಿ. ಅಪ್ಪ ಕೋರ್ಟಿನಲ್ಲಿ ಕಾರಕೂನರಾಗಿದ್ದರು. ಅವರಿಗೆ ಹೊಟ್ಟೆಯ ಹುಣ್ಣು. ಅವ್ವ ನಾನು ಏಳು ವರ್ಷದವಳಿದ್ದಾಗಲೇ ತೀರಿಕೊಂಡಿದ್ದರಿಂದ ಮನೆಯ ಅಡಿಗೆ ಅಪ್ಪನ ಅಕ್ಕನದು. ಡಾಕ್ಟರು ಖಾರ ಬಿಡಿ ಎಂದದ್ದೇ ತಡ, ಆ ಸೋದರತ್ತೆ ಮೆಣಸಿನಕಾಯಿಯನ್ನು ಮನೆಯ ಹೊಸ್ತಿಲ ಆಚೆಗೆ ಓಡಿಸಿಬಿಟ್ಟಳು. ಜೋಳದ ನುಚ್ಚು, ಮಜ್ಜಿಗೆ, ಉಪ್ಪು ಅರಿಶಿನ ಹಾಕಿ ಕುದಿಸಿದ ಬೇಳೆ. ಅದನ್ನೇ ಉಂಡು ನಾನು ದೊಡ್ಡವಳಾದೆ. ಊಟ ಎಂದರೆ ಹೊಟ್ಟೆ ತುಂಬುವುದು, ಅಷ್ಟೇ ಎಂದು ತಿಳಿದಿದ್ದೆ.

ಸಿಂದಗಿಯ ಮನೆಯಲ್ಲಿ ಊಟ ಬೇರೆಯೇ ಸಂಗತಿಯಾಗಿತ್ತು. ಅಲ್ಲಿ ಅತ್ತೆ ಇದ್ದರು, ಯಂಕಂಚಿಯ ಹೊಲ ನೋಡಿಕೊಳ್ಳುತ್ತಿದ್ದ ಭಾವ ಇದ್ದರು, ಶಾಲೆಯ ಮಾಸ್ತರನಾದ ನನ್ನ ಗಂಡ ಇದ್ದರು. ಇವರೆಲ್ಲರ ನಾಲಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ಒಲೆಯ ಮುಂದೆ ಭಾವನ ಹೆಂಡತಿ ಇದ್ದಳು. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಅನ್ನುತ್ತಾರೆ. ನಾನು ಎದುರಿಗೆ ಅಕ್ಕ ಎಂದು ಕರೆದರೂ ಮನಸ್ಸಿನಲ್ಲಿ ನನ್ನ ಗಂಡ ಕರೆಯುವ ಹಾಗೆ ವೈನಿ ಎಂದೇ ಕರೆಯುತ್ತಿದ್ದೆ, ಸ್ವಲ್ಪ ಹಲ್ಲು ಕಚ್ಚಿಕೊಂಡು.

ಅವಳು ಇಂಡಿ ಕಡೆಯವಳು. ಹದಿನಾರಕ್ಕೆ ಈ ಮನೆಗೆ ಬಂದಿದ್ದಳು. ಆಗ ನನ್ನ ಗಂಡ ಹತ್ತು ವರ್ಷದ ಹುಡುಗ. ಹದಿನೈದು ವರ್ಷ ಅವಳ ಕೈಯಲ್ಲಿ ಉಂಡು ಬೆಳೆದವರು ಅವರು. ಅವಳಿಗೆ ಓದು ಬರುತ್ತಿರಲಿಲ್ಲ, ಸಹಿ ಮಾಡಲೂ ಬರುತ್ತಿರಲಿಲ್ಲ. ಚೆಲುವೆಯೂ ಅಲ್ಲ. ಅಗಲ ಮುಖ, ದಪ್ಪ ಬೆರಳು, ನಕ್ಕರೆ ಒಂದು ಹಲ್ಲು ಓರೆ. ಇದನ್ನೆಲ್ಲ ಮೊದಲ ವಾರದಲ್ಲೇ ನಾನು ಗಮನಿಸಿಟ್ಟುಕೊಂಡೆ. ಯಾಕೆ ಗಮನಿಸಿದೆ ಎಂದು ಆಗ ನನ್ನನ್ನೇ ಕೇಳಿಕೊಳ್ಳಲಿಲ್ಲ.

ಆ ವಾರದಲ್ಲೇ ನನ್ನ ಬಂಡವಾಳ ಬಯಲಾಯಿತು. ವೈನಿ ಬಾಣಲೆಯಲ್ಲಿ ಏನೋ ಹುರಿಯುತ್ತ, ತಿರುಗಿ ನೋಡದೆ, "ತಂಗಿ, ಆ ಡಬ್ಬಿಯೊಳಗಿನ ದಗಡಫೂಲ ಕೊಡು" ಎಂದಳು.

ಫೂಲ ಎಂದರೆ ಹೂವು ಎಂಬುದು ನನಗೆ ಗೊತ್ತಿತ್ತು. ಡಬ್ಬಿಯಲ್ಲಿ ಹೂವಿನ ಹಾಗೆ ಕಂಡದ್ದು ಎಂಟು ಎಸಳಿನ, ಕಟ್ಟಿಗೆಯಲ್ಲಿ ಕೆತ್ತಿದಂತಿದ್ದ ಒಂದು ವಸ್ತು. ಅದನ್ನೇ ಹಿಡಿಯಷ್ಟು ಕೊಟ್ಟೆ. ಹಿಂದೆ ಕೂತಿದ್ದ ಅತ್ತೆ ನಕ್ಕು ನಕ್ಕು ಕೆಮ್ಮಿದರು. "ಮುದ್ದೇಬಿಹಾಳದಾಗ ಏನ್ ಉಣ್ತಿದ್ರಿ, ಮಣ್ಣೇನು?" ಎಂದರು. ಊಟಕ್ಕೆ ಕೂತಾಗ ಗಂಡಸರಿಗೂ ಹೇಳಿದರು. ಭಾವ ಮೀಸೆಯಲ್ಲಿ ನಕ್ಕರು. ನನ್ನ ಗಂಡನೂ ನಕ್ಕರು.

ನಗದೆ ಇದ್ದವಳು ವೈನಿ ಒಬ್ಬಳೇ. ಅವಳು ಎರಡನ್ನೂ ನನ್ನ ಅಂಗೈಯಲ್ಲಿಟ್ಟು, "ಇದು ಚಕ್ರಮೊಗ್ಗಿ. ಇದು ನೋಡು, ಕರ್ರಗ ಒಣಗಿದ ಎಲಿ ಹಂಗ ಐತೆಲ್ಲ, ಇದು ದಗಡಫೂಲ. ಕಲ್ಲಿನ ಮ್ಯಾಲ ಬೆಳೀತೈತಿ. ಹಸೀದು ಮೂಸಿದ್ರ ಏನೂ ಇಲ್ಲ, ಎಣ್ಣಿಯೊಳಗ ಬಿದ್ದಾಗ ಮಾತಾಡ್ತೈತಿ" ಎಂದಳು. ಅವಳು ನಗಲಿಲ್ಲವಲ್ಲ, ಅದೇ ನನಗೆ ಎಲ್ಲಕ್ಕಿಂತ ಸಿಟ್ಟು ತಂದಿತು. ನಕ್ಕಿದ್ದರೆ ಅವಳನ್ನು ದ್ವೇಷಿಸಲು ಒಂದು ಕಾರಣವಾದರೂ ಸಿಗುತ್ತಿತ್ತು.

ಆ ಬೇಸಿಗೆ ಶುರುವಾಗುವ ಹೊತ್ತಿಗೆ ಮನೆಯಲ್ಲಿ ಖಾರ ಕುಟ್ಟುವ ಕೆಲಸ ಹತ್ತಿತು. ಖಾರ ಎಂದರೆ ಬರಿಯ ಮೆಣಸಿನಪುಡಿಯಲ್ಲ. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಕಾಳು, ಒಣಕೊಬ್ಬರಿ, ಬೆಳ್ಳುಳ್ಳಿ, ಲವಂಗ, ದಾಲ್ಚಿನ್ನಿ ಎಲ್ಲ ಹುರಿದು, ಒರಳಲ್ಲಿ ಹಾಕಿ ಕುಟ್ಟಿದ ಮಸಾಲೆ ಖಾರ. ವರ್ಷದ ಪಲ್ಲೆ, ಸಾರು, ಬೇಳೆ ಎಲ್ಲದರ ರುಚಿ ಆ ನಾಲ್ಕು ದಿನದ ಕೆಲಸದ ಮೇಲೆ ನಿಂತಿರುತ್ತದೆ. ನನಗೆ ಕೊಟ್ಟ ಕೆಲಸ ಮೆಣಸಿನಕಾಯಿಯ ತೊಟ್ಟು ಬಿಡಿಸುವುದು. ಕಣ್ಣು ಉರಿ, ಮೂಗು ಉರಿ, ಉಗುರಿನ ಸಂದಿಯಲ್ಲೂ ಉರಿ. ವೈನಿ ಒಲೆಯ ಮುಂದೆ ರಾಣಿಯ ಹಾಗೆ ಕೂತು ಒಂದೊಂದನ್ನೇ ಹುರಿಯುತ್ತಿದ್ದಳು. ತೂಕವಿಲ್ಲ, ಅಳತೆಯಿಲ್ಲ. ಹಿಡಿ ತುಂಬಿಕೊಳ್ಳುವಳು, ಎರಡು ಕಾಳು ವಾಪಸು ಬಿಡುವಳು. ಪಕ್ಕದ ಮನೆಯ ಹೆಂಗಸರು ಗೋಡೆಯ ಮೇಲಿಂದ ಇಣುಕಿ, "ಏನವ್ವಾ, ಓಣಿಗೆಲ್ಲ ವಾಸನಿ ಹಬ್ಬಿಸಿಯಲ್ಲ" ಎನ್ನುತ್ತಿದ್ದರು. ಅವಳು ಓರೆ ಹಲ್ಲು ತೋರಿಸಿ ನಗುತ್ತಿದ್ದಳು. ನನಗೆ ಅಳು ಬಂದದ್ದು ಮೆಣಸಿನಕಾಯಿಯಿಂದ ಎಂದು ಎಲ್ಲರೂ ತಿಳಿದರು.

ಆ ವರ್ಷ ಮಳೆಗಾಲದ ಮುಂಚೆ ನನ್ನ ಗಂಡನಿಗೆ ಬಸವನ ಬಾಗೇವಾಡಿಗೆ ವರ್ಗವಾಯಿತು. ನನಗೆ ಆದ ಸಂತೋಷ ಯಾರಿಗೂ ಹೇಳುವಂಥದ್ದಲ್ಲ. ಬೇರೆ ಮನೆ, ಬೇರೆ ಒಲೆ, ಮುಖ್ಯವಾಗಿ ಒಲೆಯ ಮುಂದೆ ವೈನಿ ಇಲ್ಲ. ಬಸ್ಸು ಹೊರಡುವಾಗ ಅವಳು ಓಡುತ್ತ ಬಂದು ಬಿಸ್ಕೀಟಿನ ಹಳೆಯ ತಗಡಿನ ಡಬ್ಬಿಯೊಂದನ್ನು ಕಿಟಕಿಯಿಂದ ನನ್ನ ಮಡಿಲಿಗೆ ಹಾಕಿದಳು. "ಖಾರ ಐತಿ. ಒಂದು ಚಮಚೆ ಹಾಕು, ಉಳಿದದ್ದು ಅದ ಮಾಡ್ತೈತಿ" ಎಂದಳು.

ಉಳಿದದ್ದನ್ನು ಅದೇ ಮಾಡಿತು. ಬಾಗೇವಾಡಿಯ ಎರಡು ಖೋಲಿಯ ಬಾಡಿಗೆ ಮನೆಯಲ್ಲಿ ನಾನು ಬೇಳೆ ಕುದಿಸಿ ಆ ಖಾರ ಒಂದು ಚಮಚೆ ಹಾಕಿದರೆ, ಗಂಡ ಮೊದಲ ತುತ್ತಿಗೇ "ಆಹಾ, ವೈನಿ!" ಎನ್ನುತ್ತಿದ್ದರು. ಬದನೆಕಾಯಿಗೂ ವೈನಿ, ಅವರೆಕಾಯಿಗೂ ವೈನಿ. ಜೋಳದ ರೊಟ್ಟಿ ಬಡಿದು ಬಡಿದು ನನ್ನ ಅಂಗೈ ಕೆಂಪಾಗಿರುತ್ತಿತ್ತು. ನೀರು ಹೊತ್ತವಳು ನಾನು, ಕಟ್ಟಿಗೆ ಊದಿ ಕಣ್ಣು ಕೆಡಿಸಿಕೊಂಡವಳು ನಾನು. ತಟ್ಟೆಯ ಮುಂದೆ ಬಂದು ಕೂರುವವಳು ಅವಳು. ಒಮ್ಮೆ ಅವರಿಗೆ ಮೂರು ದಿನ ಜ್ವರ ಬಂತು. ನಾಲಿಗೆ ಕೆಟ್ಟಿತ್ತು. ನಾನು ಮೆಣಸಿನ ಸಾರು ಮಾಡಿ ಹಣೆಯ ಮೇಲೆ ಕೈಯಿಟ್ಟು ಕುಡಿಸಿದೆ. ಎರಡು ಗುಟುಕು ಕುಡಿದು ಕಣ್ಣು ಮುಚ್ಚಿಕೊಂಡೇ ಹೇಳಿದರು: "ವೈನಿ ಜ್ವರಕ್ಕ ಬ್ಯಾರೆ ನಮೂನಿ ಮಾಡತಿದ್ಳು."

ಬಟ್ಟಲನ್ನು ಅಲ್ಲೇ ಕುಕ್ಕಿ ಹಿತ್ತಲಿಗೆ ಹೋದೆ. ಬೇರೆ ಹೆಂಗಸಿನ ಮೇಲೆ ಗಂಡನ ಕಣ್ಣು ಬಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಂಡು ಅಳಬಹುದು. ತಾಯಿಯ ಹಾಗೆ ಸಾಕಿದ ಅತ್ತಿಗೆಯ ಕೈರುಚಿಯ ಮೇಲೆ ಹೊಟ್ಟೆಕಿಚ್ಚು ಎಂದರೆ ಯಾರು ಕೇಳುತ್ತಾರೆ? ನನಗೇ ನಾಚಿಕೆಯಾಗುತ್ತಿತ್ತು. ನಾಚಿಕೆಯಾದಷ್ಟೂ ಕಿಚ್ಚು ಹೆಚ್ಚಾಗುತ್ತಿತ್ತು.

ಹೇಗಾದರೂ ಮಾಡಿ ಅವಳ ಗುಟ್ಟು ಹಿಡಿಯಬೇಕು ಎಂದು ನಿಶ್ಚಯಿಸಿದೆ. ಕೇಳಿದ್ದರೆ ಅವಳೇ ಹೇಳುತ್ತಿದ್ದಳು. ಆದರೆ ಕೇಳುವುದು ಸಾಧ್ಯವಿರಲಿಲ್ಲ. ಒಂದು ಮಧ್ಯಾಹ್ನ ಕ್ಯಾಲೆಂಡರಿನ ಹಳೆಯ ಹಾಳೆಯನ್ನು ಅಂಗಳದಲ್ಲಿ ಬಿಳಿ ಮೈ ಮೇಲೆ ಮಾಡಿ ಹಾಸಿ, ಒಂದು ಚಮಚೆ ಖಾರ ಹರವಿ, ಕೂದಲಿನ ಪಿನ್ನಿನಿಂದ ಕಣ ಕಣ ಬೇರ್ಪಡಿಸತೊಡಗಿದೆ. ಒಂದು ಕಡೆ ಕೊಬ್ಬರಿಯ ಚೂರು. ಒಂದು ಕಡೆ ಬೆಳ್ಳುಳ್ಳಿಯ ಸಿಪ್ಪೆ. ಓಹೋ, ಸಿಪ್ಪೆ ಸಮೇತ ಕುಟ್ಟುತ್ತಾಳೆ. ಕಪ್ಪು ನೂಲಿನ ಹಾಗಿರುವುದು ದಗಡಫೂಲ. ಇನ್ನೂ ನಾಲ್ಕೈದು ಗೊತ್ತಾಗುವುದರಲ್ಲಿತ್ತು. ಅಷ್ಟರಲ್ಲಿ ಮೂಗಿಗೆ ಖಾರ ಹತ್ತಿ ಸೀನು ಬಂತು. ಕಾಗದ ಬರಿದಾಯಿತು. ಕಣ್ಣಲ್ಲಿ ಬಿದ್ದದ್ದನ್ನು ತೊಳೆಯಲು ಅರ್ಧ ಕೊಡ ನೀರು ಬೇಕಾಯಿತು.

ಕಡೆಗೆ ಬಜಾರಿನ ಕಿರಾಣಿ ಅಂಗಡಿಗೆ ಹೋದೆ. ಅಂಗಡಿಯವರು ಮುದುಕರು, ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡವರು. "ಖಾರಕ್ಕ ಏನೇನ್ ಹಾಕ್ತಾರೋ ಎಲ್ಲಾ ಕೊಡ್ರಿ" ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಏನೂ ಕೇಳದೆ, ಸಣ್ಣ ಸಣ್ಣ ಪುಡಿಕೆ ಕಟ್ಟಿಕೊಟ್ಟರು. ಮನೆಗೆ ತಂದು ಒಂದೊಂದನ್ನೂ ಬಿಚ್ಚಿ ಮೂಸಿದೆ, ಕಚ್ಚಿದೆ. ಲವಂಗ ನಾಲಿಗೆಯನ್ನು ಮರಗಟ್ಟಿಸಿತು. ದಾಲ್ಚಿನ್ನಿ ಸಿಹಿಯಾಗಿ ಶುರುವಾಗಿ ಉರಿಯಲ್ಲಿ ಮುಗಿಯಿತು. ಜಾಪತ್ರೆಗೆ ಹೊಸ ಸೀರೆಯ ಪೆಟ್ಟಿಗೆಯ ವಾಸನೆಯಿತ್ತು. ಇಪ್ಪತ್ತು ವರ್ಷ ಇವೆಲ್ಲ ಇದ್ದ ಲೋಕದಲ್ಲೇ ನಾನೂ ಇದ್ದೆನಲ್ಲ ಎಂದು ಅಚ್ಚರಿಯಾಯಿತು. ಹೊಟ್ಟೆಕಿಚ್ಚಿಗೆಂದು ತೆರೆದ ಪುಡಿಕೆಗಳು ಒಂದು ಗಳಿಗೆ ಕಿಚ್ಚನ್ನೇ ಮರೆಸಿದವು.

ಆ ಸಂತೋಷದ ಭರದಲ್ಲಿ ಎಲ್ಲವನ್ನೂ ಒಂದೇ ಬಾಣಲೆಗೆ ಸುರಿದು, ತೊಗರಿ ಕಟ್ಟಿಗೆಯ ದೊಡ್ಡ ಉರಿಯಲ್ಲಿ ಹುರಿದೆ. ಗಸಗಸೆ ಕರಕಾಯಿತು, ಕೊತ್ತಂಬರಿ ಕಾಳು ಕಪ್ಪಾಯಿತು, ಚಕ್ರಮೊಗ್ಗು ಹಸಿಯಾಗಿಯೇ ಉಳಿಯಿತು. ಹೊಗೆಗೆ ಎದುರು ಮನೆಯವರು ಬಾಗಿಲು ಹಾಕಿಕೊಂಡರು. ಅಂದು ಸಂಜೆ ಪಲ್ಲೆ ಬಡಿಸಿ, "ಇವತ್ತ ನನ್ನ ಖಾರ್‍ರಿ" ಎಂದು ಹೆಮ್ಮೆಯಿಂದ ಹೇಳಿದೆ. ಅವರು ಅಗಿದರು. ಹಲ್ಲಿನ ನಡುವೆ ಕರಕರ ಎಂದದ್ದು ನನಗೂ ಕೇಳಿಸಿತು. ದಗಡಫೂಲಕ್ಕೆ ಅಂಟಿದ ಮರಳನ್ನು ಒರೆಸಿ ತೆಗೆಯಬೇಕೆಂದು ನನಗೆ ಯಾರು ಹೇಳಿದ್ದರು?

"ಚಲೋ ಐತಿ" ಎಂದು ಅವರು ಮಜ್ಜಿಗೆ ಸುರಿದುಕೊಂಡರು. ಮರುದಿನ ಶಾಲೆಗೆ ಹೊರಡುವಾಗ ಚಪ್ಪಲಿ ಮೆಟ್ಟುತ್ತ ಕೇಳಿದರು: "ವೈನಿ ಡಬ್ಬಿ ತೀರತೇನು?"

ಮುಂದಿನ ಯುಗಾದಿಗೆ ಅವರೊಬ್ಬರೇ ಸಿಂದಗಿಗೆ ಹೋಗಿ ಬಂದರು. ಹಳೆಯ ಡಬ್ಬಿಯನ್ನು ಹೊಸ ಖಾರ ತುಂಬಿಸಿಕೊಂಡು, ತೊಡೆಯ ಮೇಲೆ ಕೂಸನ್ನು ಕೂರಿಸಿಕೊಂಡ ಹಾಗೆ ಇಟ್ಟುಕೊಂಡು ತಂದಿದ್ದರು. "ಬಸ್ಸಿನ್ಯಾಗ ಮಂದಿ ಕೇಳಾಕತ್ತಿದ್ರು, ಏನ್ರಿ ಮಾಸ್ತರ, ಡಬ್ಬಿಯೊಳಗ ಏನೈತಿ, ಇಷ್ಟು ಘಮ ಅನ್ನಾಕತ್ತೈತಿ ಅಂತ" ಎಂದು ಹೇಳುವಾಗ ಅವರ ಮುಖ ಅರಳಿತ್ತು. ನಮ್ಮ ಮದುವೆಯ ದಿನ ಆ ಮುಖ ಹಾಗೆ ಅರಳಿತ್ತೇ ಎಂದು ನೆನಪಿಸಿಕೊಳ್ಳಲು ಯತ್ನಿಸಿದೆ.

ಮರುದಿನ ಬೆಳಿಗ್ಗೆ ಅವರು ಶಾಲೆಗೆ ಹೋದ ಮೇಲೆ ಹಾಲು ಹಾಕುವ ಅಜ್ಜಿ ಬಂದಳು. ನಾನು ಡಬ್ಬಿ ತಂದು, ಹಳೆಯ ಪೇಪರಿನ ಮೇಲೆ ಬೋರಲು ಹಾಕಿ, ಬುಡಕ್ಕೆ ತಟ್ಟಿ ತಟ್ಟಿ ಖಾಲಿ ಮಾಡಿದೆ. ಗಂಟು ಕಟ್ಟಿ ಅವಳ ಕೈಗಿಟ್ಟೆ.

"ಎಲ್ಲಾನೂ?" ಎಂದಳು ಅಜ್ಜಿ. "ನಿಮ್ಮ ತಲಿ ನೆಟ್ಟಗೈತೇನವ್ವಾ? ವರ್ಷದ ಖಾರ ಐತಿದು."

"ಒಯ್ಯಿ ಅಂದೆನಲ್ಲ, ಒಯ್ಯಿ" ಎಂದೆ. ಅವಳು ನಾನು ಮನಸ್ಸು ಬದಲಿಸುವ ಮುಂಚೆ ಸರಸರ ನಡೆದು ಹೋದಳು.

ಖಾಲಿ ಡಬ್ಬಿ ಕೈಯಲ್ಲಿ ಹಿಡಿದು ನಿಂತಾಗಷ್ಟೇ ಮುಂದೇನು ಎಂಬ ಯೋಚನೆ ಬಂತು. ಸೋಮವಾರ ಪೂಜೆ ಮಾಡಿ ಹೊಸ ಖಾರ ತೆಗೆಯೋಣ ಎಂದು ಗಂಡನಿಗೆ ಸುಳ್ಳು ಹೇಳಿ, ನಾಲ್ಕು ದಿನ ಸಂಪಾದಿಸಿಕೊಂಡೆ. ಮತ್ತೆ ಬಜಾರಿಗೆ ಓಡಿದೆ. ಈ ಸಲ ಅಂಗಡಿಯ ಮುದುಕರಿಗೆ ನಿಜ ಹೇಳಿದೆ: ಹಿಂದಿನ ಸಲ ಕೆಟ್ಟಿತು, ಯಾಕೆ ಕೆಟ್ಟಿತು ಗೊತ್ತಿಲ್ಲ. ಅವರು ಪೆನ್ಸಿಲು ಕೆಳಗಿಟ್ಟು, ನನ್ನ ಜೊತೆ ಮೊದಲ ಸಲ ಪೂರಾ ಮಾತಾಡಿದರು.

"ಒಂದೊಂದ ಬ್ಯಾರೆ ಬ್ಯಾರೆ ಹುರೀಬೇಕವ್ವಾ. ಒಲಿ ಸಣ್ಣ ಇರ್ಲಿ. ಬಣ್ಣ ನೋಡಬ್ಯಾಡ, ವಾಸನಿ ನೋಡು. ಮೂಗಿಗೆ ಬಂತು ಅಂದಕೂಡ್ಲೇ ಇಳಿಸಿಬಿಡು. ಇನ್ನೊಂದು ಚೂರು ಅಂದಿ ಅಂದ್ರ ಕೆಡ್ತು."

ಎರಡು ದಿನ, ಗಂಡ ಶಾಲೆಯಲ್ಲಿದ್ದ ಹೊತ್ತಿನಲ್ಲಿ, ಸೀಮೆಎಣ್ಣೆಯ ಸ್ಟೋವಿನ ಉರಿಯನ್ನು ಬೆರಳಿನಷ್ಟು ಮಾಡಿ ಕೂತೆ. ಹತ್ತಿಬಿಟ್ಟೀತು ಎಂಬ ಹೆದರಿಕೆಗೆ ಕೈ ಬಿಡದೆ ತಿರುವಿದೆ. ಕೊಬ್ಬರಿಯ ಅಂಚು ಕೆಂಪಾಗುವುದನ್ನು ಉಸಿರು ಹಿಡಿದು ಕಾದೆ. ದಗಡಫೂಲವನ್ನು ಎಸಳು ಎಸಳು ಒರೆಸಿ ಎಣ್ಣೆಗೆ ಹಾಕಿದಾಗ ಅದು ನಿಜಕ್ಕೂ ಮಾತಾಡಿತು. ಮಳೆ ಬಿದ್ದ ಕರಿಮಣ್ಣು, ಹೊಗೆ, ಹಳೆಯ ಕಟ್ಟಿಗೆ ಎಲ್ಲ ಸೇರಿದಂಥ ವಾಸನೆ. ಎದುರು ಮನೆಯವರ ಒರಳು ಕೇಳಿ, ಒಬ್ಬಳೇ ಕುಟ್ಟಿದೆ. ತೋಳು ಬಿದ್ದುಹೋಗುವ ಹಾಗಾಯಿತು. ಆ ಖಾರವನ್ನು ವೈನಿಯ ಡಬ್ಬಿಯಲ್ಲಿ ತುಂಬಿ ಮುಚ್ಚಳ ಹಾಕಿದೆ.

ಸೋಮವಾರ ಬದನೆಕಾಯಿ ಎಣಗಾಯಿ ಮಾಡಿದೆ. ಗಂಡ ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡರು. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದೆ. ಅವರು ಕಣ್ಣು ಮುಚ್ಚಿದರು, ತಲೆ ಆಡಿಸಿದರು. ಒಂದು ಉಸಿರಿನಷ್ಟು ಹೊತ್ತು ಈ ಲೋಕದಲ್ಲಿ ನನ್ನಷ್ಟು ಸುಖಿ ಯಾರೂ ಇರಲಿಲ್ಲ.

"ವೈನಿ ಕೈ ಅಂದ್ರ ವೈನಿ ಕೈ" ಎಂದರು. "ಈ ವರ್ಷ ಆಕಿ ತನ್ನನ್ನ ತಾನ ಮೀರಿಸ್ಯಾಳ ನೋಡು."

ಅಂದು ನಾಲ್ಕು ರೊಟ್ಟಿ ಉಂಡರು. ನಾನು ಬಾಯಿ ಬಿಡುವ ಹಾಗಿರಲಿಲ್ಲ. ಬಿಟ್ಟರೆ ಅವಳ ಡಬ್ಬಿಯ ಖಾರ ಎಲ್ಲಿ ಹೋಯಿತು ಎಂದು ಹೇಳಬೇಕಾಗುತ್ತಿತ್ತು. ನನ್ನ ಕೈಯಾರೆ ಮಾಡಿದ್ದನ್ನು ನನ್ನ ಕೈಯಾರೆ ಅವಳಿಗೆ ಕೊಟ್ಟುಬಿಟ್ಟಿದ್ದೆ. ಅಂದಿನಿಂದ ದಿನವೂ ಅದೇ ಆಯಿತು. ನಾನು ಚೆನ್ನಾಗಿ ಮಾಡಿದಷ್ಟೂ ಅವಳ ಹೆಸರು ದೊಡ್ಡದಾಗುತ್ತ ಹೋಯಿತು. ಒಂದೊಂದು ದಿನ ಬೇಕೆಂದೇ ಉಪ್ಪು ಹೆಚ್ಚು ಹಾಕುತ್ತಿದ್ದೆ. ಆಗ ಮಾತ್ರ, "ಇವತ್ತ ನೀ ಉಪ್ಪು ಜಾಸ್ತಿ ಹಾಕೀದಿ" ಎಂದು ನನ್ನ ಪಾಲಿನದು ನನಗೆ ಸಿಗುತ್ತಿತ್ತು.

ಒಂದು ಭಾನುವಾರ ಅವರು ಸಿಂದಗಿಗೆ ಇನ್‌ಲ್ಯಾಂಡ್ ಪತ್ರ ಬರೆದರು. ಈ ಸಲದಂಥ ಖಾರ ಹಿಂದೆಂದೂ ಆಗಿರಲಿಲ್ಲ, ಇದನ್ನು ವೈನಿಗೆ ತಪ್ಪದೆ ಓದಿ ಹೇಳಬೇಕು ಎಂದು ಅಣ್ಣನಿಗೆ ಬರೆದು, ಕೆಳಗೆ ಎರಡು ಸಾಲು ಜಾಗ ಬಿಟ್ಟು ನನ್ನ ಕೈಗೆ ಕೊಟ್ಟರು. "ನೀನೂ ಏನರ ಬರಿ. ನಿನ್ನ ಅಕ್ಷರ ಚಂದ ಅದಾವ." ನಾನು ಚಂದದ ಅಕ್ಷರದಲ್ಲಿ, ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಬರೆದೆ. ಅಂಟು ಹಚ್ಚಿ ಮಡಚುವಾಗ ಹರಿದುಬಿಡೋಣ ಅನ್ನಿಸಿತ್ತು. ಹರಿಯಲಿಲ್ಲ.

ಶ್ರಾವಣದಲ್ಲಿ ವೈನಿ ಬಂದಳು. ಬಸವಣ್ಣನ ದರ್ಶನ ಮಾಡಿಕೊಂಡು ನಾಲ್ಕು ದಿನ ಇದ್ದು ಹೋಗುತ್ತೇನೆ ಎಂದು ಬಂದದ್ದು. ಭಾವ ಅವಳನ್ನು ಬಿಟ್ಟು ಅದೇ ಬಸ್ಸಿಗೆ ಮರಳಿದರು. ಅವಳು ಎಂದಿಗಿಂತ ಲವಲವಿಕೆಯಿಂದಿದ್ದಳು. ಹೊಸ ಇಳಕಲ್ಲ ಸೀರೆ ಉಟ್ಟಿದ್ದಳು. ಬಂದವಳೇ, ನನ್ನ ಗಲ್ಲ ಹಿಡಿದು, "ಸೊರಗಿಯಲ್ಲ ತಂಗಿ" ಎಂದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಗಂಡ ಅವಳ ತಟ್ಟೆಗೆ ತಾವೇ ಪಲ್ಲೆ ಬಡಿಸಿದರು. "ವೈನಿ, ನಿಮ್ಮ ಖಾರ ನಿಮಗ ಉಣಸಾಕತ್ತೇವಿ ನೋಡ್ರಿ."

ಅವಳು ನಗುತ್ತಲೇ ತುತ್ತು ಬಾಯಿಗಿಟ್ಟುಕೊಂಡಳು. ನಗು ಹಾಗೇ ನಿಂತಿತು. ಇನ್ನೊಂದು ತುತ್ತು ತೆಗೆದುಕೊಂಡು ನಿಧಾನವಾಗಿ ಅಗಿದಳು. ತಲೆಯೆತ್ತಿ ನನ್ನನ್ನು ನೋಡಿದಳು. ಆ ನೋಟಕ್ಕೆ ನನ್ನ ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆ ಮಡಚಿ ಬಿತ್ತು.

"ಹೂಂ. ಚಲೋ ಆಗೈತಿ" ಎಂದಳು.

ಗಂಡ ಶಾಲೆಗೆ ಹೋದ ಮೇಲೆ ಅವಳು ಗೋಡೆಯ ಮಾಡದಲ್ಲಿದ್ದ ಡಬ್ಬಿಯನ್ನು ತಾನೇ ಇಳಿಸಿ, ಚಿಟಿಕೆ ಖಾರ ಅಂಗೈಗೆ ಹಾಕಿಕೊಂಡು ಮೂಸಿದಳು, ನಾಲಿಗೆಯ ತುದಿಗೆ ಹಚ್ಚಿದಳು.

"ಇದು ನಂದಲ್ಲ."

ನಾನು ಒಲೆಯ ಮೇಲಿನ ಹಂಚು ಕೆಳಗಿಳಿಸಿದೆ.

"ನಂದು ಎಲ್ಲಿ ಹೋತು?"

"ಹಾಲಿನ ಅಜ್ಜಿಗಿ ಕೊಟ್ಟೆ."

"ಎಷ್ಟು?"

"ಎಲ್ಲಾ."

ಅವಳು ಗೋಡೆಗೆ ಒರಗಿ ಕೂತಳು. "ಯಾಕ?" ಎಂದಳು.

"ಅವರು ತುತ್ತಿಗೊಮ್ಮೆ ನಿಮ್ಮ ಹೆಸರ ತಗೋತಾರ್‍ರಿ ಅಕ್ಕಾ. ನಾ ಎಷ್ಟ ಮಾಡಿದ್ರೂ ಅದು ನಿಮ್ದ ಆಗ್ತೈತಿ. ನನಗ ಸಾಕಾಗಿತ್ತು."

ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಡಬ್ಬಿಯ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದಳು.

"ಆ ಕಾಗದಾ ನಾಲ್ಕ ಸಲ ಓದಿಸೀನಿ ನಾ" ಎಂದಳು. "ಒಮ್ಮೆ ನಿನ್ನ ಭಾವನ ಕಡೆ, ಆಮ್ಯಾಲ ಓಣಿಯೊಳಗ ಓದಾಕ ಬರೋರ ಕಡೆ. ಇಷ್ಟ ವರ್ಷ ಆ ಮನಿಯೊಳಗ ಕುಟ್ಟೇನಿ, ನಿನ್ನ ಭಾವ ಒಂದ ದಿನಾನೂ ಚಲೋ ಐತಿ ಅಂದಿಲ್ಲ. ಉಂಡು ಕೈ ತೊಳಕೊಂಡು ಎದ್ದ ಹೋಗ್ತಾರ. ಇವ ಒಬ್ಬನರ ಕಾಗದದಾಗ ಬರದನಲ್ಲ ಅಂತ ಅದನ್ನ ಟ್ರಂಕಿನ್ಯಾಗ ಧಾರಿ ಸೀರಿ ಮಡಿಕ್ಯಾಗ ಇಟ್ಟೇನಿ. ಈಗ ಏನ್ ಮಾಡ್ಲಿ? ಅದು ನಂದಲ್ಲ, ನಿನಗ ಕಳಸ್ಲೇನು?"

ಆ ಕ್ಷಣ ನನಗೆ ನಾಚಿಕೆಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಾಚಿಕೆ ಆಮೇಲೆ ಬಂತು, ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ ಮೇಲೆ, ನೀರು ಬೇಡವಾಗಿದ್ದರೂ ನಾನು ಎರಡು ಸಲ ಕೊಡ ಹಿಡಿದು ಬಾವಿಗೆ ಹೋಗಿ ಬಂದ ಮೇಲೆ. ಅವಳು ಕೇಳಿದ ಕ್ಷಣ ನನ್ನ ಮನಸ್ಸು ಅಂದದ್ದು ಒಂದೇ: ಹೌದು, ಕಳಿಸು. ಅದು ನನ್ನದು.

ಸಂಜೆ ಊಟದ ಹೊತ್ತಿಗೂ ಅವಳು ನನ್ನ ಜೊತೆ ಮಾತಾಡಿರಲಿಲ್ಲ. ಗಂಡ ಮಧ್ಯಾಹ್ನದ ಪಲ್ಲೆಯನ್ನೇ ಮತ್ತೆ ಹಾಕಿಸಿಕೊಂಡು, "ವೈನಿ, ಮುಂದಿನ ವರ್ಷ ಎರಡ ಡಬ್ಬಿ ಕೊಡಬೇಕ್ರಿ" ಎಂದರು.

"ನಾ ಯಾಕ ಕೊಡ್ಲಿ?" ಎಂದಳು ವೈನಿ. "ಇದು ನಂದಲ್ಲೋ ತಮ್ಮಾ. ನಿನ್ನ ಹೇಣ್ತೀದು. ಆಕೀನ ಹುರದು ಆಕೀನ ಕುಟ್ಯಾಳ."

ಗಂಡ ನನ್ನನ್ನು ನೋಡಿದರು, ತಟ್ಟೆಯನ್ನು ನೋಡಿದರು. "ಹೌದೇನು?" ಎಂದು ಇನ್ನೊಂದು ತುತ್ತು ಅಗಿದರು. "ಅದಕ್ಕ ಮತ್ತ, ಯಾಕೋ ಚೂರು ರುಚಿ ಕಡಿಮಿ ಅನ್ನಿಸ್ತಿತ್ತು."

ವೈನಿ ತನ್ನ ಬಟ್ಟಲನ್ನು ಠಣ್ಣನೆ ಕೆಳಗಿಟ್ಟಳು. "ಬಾಯಿ ಮುಚ್ಚಕೊಂಡು ಉಣ್ಣು! ನಾಲ್ಕ ತಿಂಗಳು ಬಟ್ಟಲಾ ನೆಕ್ಕಿ, ಊರ ಮಂದಿಗೆಲ್ಲ ಕೇಳೂ ಹಂಗ ಕಾಗದಾ ಬರದಿ. ಈಗ ಹೆಸರ ಕೇಳಿದ ಮ್ಯಾಲ ಕಡಿಮಿ ಆತೇನು? ನಿನಗ ಇರೂದು ನಾಲಿಗಿ ಅಲ್ಲ, ಕಿವಿ."

ಅವರ ಕಿವಿ ಕೆಂಪಾಯಿತು. ಸ್ವಲ್ಪ ಹೊತ್ತಿಗೆ ಕೇಳಬೇಕಾದ್ದನ್ನು ಕೇಳಿಯೇಬಿಟ್ಟರು: "ಹಂಗಾರ ನೀವು ಕೊಟ್ಟ ಖಾರ ಎಲ್ಲೈತ್ರಿ?"

ವೈನಿ ನನ್ನ ಕಡೆ ನೋಡದೆ ರೊಟ್ಟಿ ಮುರಿದಳು. "ಹುಳಾ ಹತ್ತಿತ್ತಂತ. ನಾನ ಈ ಸಲ ಮೆಣಸಿನಕಾಯಿ ಸರಿಯಾಗಿ ಒಣಗಿಸಿರಲಿಲ್ಲ. ಚೆಲ್ಲು ಅಂತ ನಾನ ಹೇಳೇನಿ."

ಹದಿನೈದು ವರ್ಷದ ಹೆಸರನ್ನು ಅವಳು ಹಾಗೆ ತಟ್ಟೆಯ ಅಂಚಿಗೆ ಸರಿಸಿಬಿಟ್ಟಳು. ನಾನು ಒಲೆಯ ಕಡೆ ತಿರುಗಿ ಕೂತೆ. ಕೃತಜ್ಞತೆ ಇರಬೇಕಾದ ಜಾಗದಲ್ಲೂ ಸಣ್ಣದೊಂದು ಉರಿ ಇತ್ತು. ಅಡಿಗೆಯಲ್ಲಂತೂ ಮೇಲೆ, ಒಳ್ಳೆಯತನದಲ್ಲೂ ಇವಳೇ ಮೇಲೆ ಇರಬೇಕೇ?

ಮರುದಿನ ಬೆಳಿಗ್ಗೆ ಅವಳು ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡಳು. ಕ್ಷಮಿಸಿದೆ ಎಂದಾಗಲಿ, ಬಿಟ್ಟೆ ಎಂದಾಗಲಿ ಹೇಳಲಿಲ್ಲ. "ಮೆಂತ್ಯ ಜಾಸ್ತಿ ಬಿದ್ದೈತಿ, ಉಂಡ ಮ್ಯಾಲ ಹಿಂದ ಕಹಿ ಉಳೀತೈತಿ. ಲವಂಗ ಅರ್ಧಕ್ಕ ಇಳಿಸು. ಮೆಣಸಿನಕಾಯಿ ಹುರಿಯೂ ಮುಂದ ಒಂದೀಟು ಉಪ್ಪು ಹಾಕು, ಘಾಟು ಏಳೂದಿಲ್ಲ" ಎಂದಳು. ನಾನು ನೋಟ್‌ಬುಕ್ಕು ತಂದು ಬರೆದುಕೊಂಡೆ. ಅವಳು ಬರೆಯುವ ಕೈಯನ್ನೇ ನೋಡುತ್ತಿದ್ದಳು. ಕಡೆಗೆ, ಬಾ ಎಂದು ಕರೆದರೂ ಬರಲೊಲ್ಲದ ಮಾತನ್ನು ಹೊರಗೆ ಎಳೆದ ಹಾಗೆ, "ಕೊಬ್ಬರಿ ಮಾತ್ರ ನನಗಿಂತ ಚಲೋ ಹುರದಿ" ಎಂದಳು. ನಾನು ಅದನ್ನೂ ಬರೆದುಕೊಂಡೆ. ಅವಳಿಗೆ ಓದಲು ಬರುತ್ತಿರಲಿಲ್ಲವಾದ್ದರಿಂದ ಏನು ಬರೆದೆನೆಂದು ಗೊತ್ತಾಗಲಿಲ್ಲ.

ಮುಂದಿನ ಬೇಸಿಗೆಗೆ ಖಾರ ಕುಟ್ಟಲು ನಾನೇ ಸಿಂದಗಿಗೆ ಹೋದೆ. ಹೋಗುವಾಗ ಮನಸ್ಸಿನಲ್ಲಿ ಯುದ್ಧಕ್ಕೆ ಹೋಗುವ ತಯಾರಿಯಿತ್ತು. ವೈನಿ ಒಲೆ ಹೊತ್ತಿಸಿ, ಬಾಣಲೆ ಇಟ್ಟು, ಎದ್ದು ಪಕ್ಕಕ್ಕೆ ಸರಿದಳು. "ಕೂಡು" ಎಂದಳು. ತಾನು ಹೋಗಿ ಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸತೊಡಗಿದಳು, ಸೀನುತ್ತ, ಸೆರಗಿನಲ್ಲಿ ಮೂಗು ಒರೆಸುತ್ತ. ಅತ್ತೆ ಹುಬ್ಬೇರಿಸಿದರು. ನಾನು ಮೂರು ದಿನ ಹುರಿದೆ. ಗೋಡೆಯ ಮೇಲಿಂದ ಇಣುಕಿದ ಹೆಂಗಸರು, "ಈ ಸಲ ವಾಸನಿ ಬ್ಯಾರೆ ಐತೆಲ್ಲ, ಯಾರ ಕೈ?" ಎಂದು ಕೇಳಿದಾಗ, ವೈನಿ ಕೂತಲ್ಲಿಂದಲೇ, "ನಮ್ಮ ಸಣ್ಣಾಕೀದು" ಎಂದು ಕೂಗಿ ಹೇಳಿದಳು. ಆ ಮಾತನ್ನು ನಾನು ಬಹಳ ದಿನ ಬಾಯಲ್ಲಿಟ್ಟುಕೊಂಡು ಚೀಪಿದ್ದೇನೆ.

ಕುಟ್ಟಿ, ಸಾಣಿಸಿ, ದೊಡ್ಡ ಪರಾತದಲ್ಲಿ ಕೆಂಪನೆಯ ಗುಡ್ಡ ಮಾಡಿದ ಮೇಲೆ ಅತ್ತೆ ಬಂದರು. ಮೊದಲ ಚಿಟಿಕೆ ಎತ್ತಿದರು. ಹುರಿದವಳು ನಾನು ಎದುರಿಗೇ ಕೈ ಚಾಚಿ ಕೂತಿದ್ದೆ. ಅವರು ನನ್ನನ್ನು ದಾಟಿ ಹೋಗಿ, "ಹೆಂಗಾಗೈತಿ ನೋಡವ್ವ" ಎಂದು ಅದನ್ನು ವೈನಿಯ ಅಂಗೈಗೆ ಹಾಕಿದರು.

ಅವಳು ನಾಲಿಗೆಗೆ ಹಚ್ಚಿಕೊಂಡು, ನನ್ನನ್ನು ನೋಡಿ, ಓರೆ ಹಲ್ಲು ತೋರಿಸಿ ತಲೆಯಾಡಿಸಿದಳು. ನಾನೂ ನಕ್ಕೆ. ಚಾಚಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಾಣಲೆ ತಿಕ್ಕಲು ಹಿತ್ತಲಿಗೆ ಹೋದೆ.